ಕೇರಿಗೆ ತಲುಪಿದ ಸೀಮೆಎಣ್ಣೆ

ಪಟೇಲರ ಜಗಲಿಯ ಮೆಟ್ಟಿಲ ಬುಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ನಮ್ಮ ಕೇರಿಯವರು ಸೀಮೆಎಣ್ಣೆಯ ಬಾಟಲಿಯನ್ನು ಆ ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿದು ನಿಲ್ಲಬೇಕು. ಪಟೇಲರ ಆಳು ಜಗಲಿಯ ಮೇಲಿಂದಲೇ ಬಗ್ಗಿ ಹುಯ್ಯುತ್ತಿದ್ದ. ಊರಿನವರ ಬಾಟಲಿಗೆ ಆಲಿಕೆ ಇಟ್ಟು ಹುಯ್ಯುವುದು, ನಮ್ಮ ಬಾಟಲಿಗೆ ಆಲಿಕೆ ಇಲ್ಲ. ಆಲಿಕೆಯ ಮೂತಿ ನಮ್ಮ ಬಾಟಲಿಯ ಬಾಯಿಗೆ ತಾಗಿದರೆ ಮೈಲಿಗೆ. ಆ ಎಣ್ಣೆ ಯಾವ ದೇಶದ ನೆಲದಿಂದ ಬಂತು, ಯಾರ್ಯಾರು ಮುಟ್ಟಿದರು, ಹಡಗಿನಿಂದ ಇಳಿಸಿದ ಕೂಲಿಯವನು ಯಾವ ಜಾತಿ ಎಂದು ಪಟೇಲರು ಒಂದು ದಿನವೂ ಕೇಳಿದವರಲ್ಲ. ಮೈಲಿಗೆ ಶುರುವಾಗುತ್ತಿದ್ದುದೇ ಆಲಿಕೆಯ ಮೂತಿಯಿಂದ.

ಅಷ್ಟೆತ್ತರದಿಂದ ಹುಯ್ದ ಎಣ್ಣೆ ಬಾಟಲಿಯ ಸಣ್ಣ ಬಾಯಿಗೆ ಎಷ್ಟು ಬೀಳುತ್ತದೆ? ಅರ್ಧ ಒಳಗೆ, ಅರ್ಧ ಕಲ್ಲಿಗೆ. ಕಲ್ಲಿಗೆ ಬಿದ್ದದ್ದೂ ನಮಗೆ ಕೊಟ್ಟ ಲೆಕ್ಕವೇ. ಹೆಂಗಸರು ಚಿಂದಿ ಬಟ್ಟೆಯಿಂದ ಕಲ್ಲನ್ನು ಒರೆಸಿ ಬಾಟಲಿಗೆ ಹಿಂಡಿಕೊಳ್ಳುತ್ತಿದ್ದರು. ಪಟೇಲರ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ನಮ್ ಜಗಲಿ ಕಲ್ಲು ತಳತಳಾ ಅಂತೈತೆ, ಕೇರಿಯೋರು ಸಂದಾಗ್ ಒರುಸ್ತಾರೆ" ಎಂದು ಮೆಚ್ಚಿಕೊಳ್ಳುತ್ತಿದ್ದರು. ಆಕೆಯದು ಕೆಟ್ಟ ಮನಸ್ಸೆಂದು ನಾನು ಹೇಳಲಾರೆ. ಆಕೆ ನಿಜವಾಗಿಯೂ ಮೆಚ್ಚುತ್ತಿದ್ದರು, ನನಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ನಾನು ಆ ಊರಿಗೆ ಸೊಸೆಯಾಗಿ ಬಂದವಳು. ತವರು ರಾಮನಾಥಪುರದ ಕಡೆ. ಅಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಲೇ ನಾಲ್ಕನೇ ಕ್ಲಾಸು ಮುಗಿಸಿದ್ದೆ. ಇಷ್ಟು ಬರೆಯುವುದನ್ನು ಕಲಿತದ್ದು ಎಷ್ಟೋ ಆಮೇಲೆ, ಸಿಟ್ಟಿನಿಂದ. ಗಂಡನ ಊರು ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ. ಗಂಡ ಅರಕಲಗೂಡಿನ ಕಡೆ ರಸ್ತೆಗೆ ಟಾರು ಹಾಕುವ ಗ್ಯಾಂಗಿನಲ್ಲಿದ್ದರು, ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಕೇರಿಯ ಬಾಯಲ್ಲೇ ನಮ್ಮ ಮನೆ, ಮನೆಯ ಮುಂದೆಯೇ ಕೇರಿಯ ಬಾವಿ. ಅತ್ತೆಗೆ ಬಾಯಿ ಜಾಸ್ತಿ ಎಂದು ಕೇರಿಯಲ್ಲೆಲ್ಲ ಹೆಸರಿತ್ತು. ಹಾಗೆಂದರೆ ಎಲ್ಲರಿಗೂ ಗೊತ್ತಿದ್ದದ್ದನ್ನು ಆಕೆ ಹೇಳಿಬಿಡುತ್ತಿದ್ದಳು ಎಂದರ್ಥ.

ಗಡಿಯಲ್ಲಿ ಯುದ್ಧ ನಡೆದ ಕಾಲ ಅದು, ಅರವತ್ತರ ದಶಕದ ನಡುವಿನ ಮಾತು. ಸೀಮೆಎಣ್ಣೆ ಪರದೇಶದಿಂದ ಬರಬೇಕು, ಅದಕ್ಕೆ ಕೊಡಲು ಸರ್ಕಾರದ ಹತ್ತಿರ ಪರದೇಶದ ದುಡ್ಡಿಲ್ಲ, ಆದ್ದರಿಂದ ತರಿಸುವುದನ್ನೇ ಕಮ್ಮಿ ಮಾಡಿದ್ದಾರೆ ಎಂದು ಸುದ್ದಿ. ಬಂದಷ್ಟನ್ನು ಕಾರ್ಡಿನ ಮೇಲೆ ಹಂಚಬೇಕು. ಕರೆಂಟಿರುವ ಮನೆಗೆ ಎಣ್ಣೆ ಇಲ್ಲ. ನಮ್ಮೂರಲ್ಲಿ ಕರೆಂಟಿನ ಬಲ್ಬು ಉರಿಯುತ್ತಿದ್ದದ್ದು ಪಟೇಲರ ಮನೆಯಲ್ಲಿ ಮತ್ತು ಅವರ ದಾಯಾದಿಗಳ ಮನೆಗಳಲ್ಲಿ. ಕಟ್ಟಳೆಯ ಪ್ರಕಾರ ಊರಿಗೆ ಬರುವ ಪೀಪಾಯಿಯಲ್ಲಿ ದೊಡ್ಡ ಪಾಲು ನಮ್ಮ ಕೇರಿಗೇ ಸೇರಬೇಕು. ಆದರೆ ಎಣ್ಣೆ ಹಂಚುವ ಪರವಾನಗಿ ಪಟೇಲರದು. ದಿಲ್ಲಿಯಲ್ಲೊಂದು ಕಟ್ಟಳೆ, ಬೆಂಗಳೂರಲ್ಲೊಂದು, ಹಾಸನದಲ್ಲೊಂದು, ಪಟೇಲರ ಜಗಲಿಯಲ್ಲಿ ಇನ್ನೊಂದು. ಅವುಗಳಲ್ಲಿ ಕೊನೆಯದೊಂದೇ ತಪ್ಪದೆ ನಡೆಯುತ್ತಿತ್ತು.

ಪಟೇಲರು ಹೊಳೆನರಸೀಪುರದಿಂದ ಗಾಡಿಯ ಮೇಲೆ ಒಂದು ಇಂಜಿನ್ ಹೇರಿಸಿಕೊಂಡು ಬಂದಿದ್ದರು. ಸೀಮೆಎಣ್ಣೆ ಕುಡಿದು ಬಾವಿಯ ನೀರೆತ್ತುವ ಇಂಜಿನ್. ತೋಟದ ಕಡೆಯಿಂದ ಅದರ ಸದ್ದು ಕೇಳಿತೆಂದರೆ ಆ ತಿಂಗಳು ನಮಗೆ ಎಣ್ಣೆ ಇಲ್ಲ ಎಂದು ತಿಳಿದುಕೊಳ್ಳುತ್ತಿದ್ದೆವು. ಕಲ್ಲಿನ ಮೇಲೆ ಹುಯ್ಯುವುದೂ ನಿಂತುಹೋಯಿತು. ಕೇಳಲು ಹೋದವರಿಗೆ, "ಸಮುದ್ರುದ್ ಅಡಗೇ ಬಂದಿಲ್ಲ ಕಣ್ಲಾ, ಎಲ್ಲಿಂದ್ ತರಾನ" ಎಂಬ ಉತ್ತರ. ಆಚೆ ಇಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಕೇರಿಯವರು ತಲೆ ಕೆರೆದುಕೊಂಡು ವಾಪಸು ಬರುತ್ತಿದ್ದರು.

ಆಗ ನನಗೆ ತುಂಬು ತಿಂಗಳು. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ತಾಯಿ ಇಲ್ಲದ ತವರಿಗೆ ಯಾರನ್ನು ನಂಬಿ ಹೋಗಲಿ. ಅತ್ತೆಯೇ ಹೆರಿಗೆ ಮಾಡಿಸುವುದೆಂದು ಆಯಿತು. ಆಕೆಗೆ ಬೇಕಾಗಿದ್ದದ್ದು ಒಂದೇ, ದೀಪ. ಅದಕ್ಕೆ ಕಾರಣವಿತ್ತು. ಆಕೆಯ ಮೊದಲ ಕೂಸು ಹುಟ್ಟಿದ್ದು ಕತ್ತಲಲ್ಲಿ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದ್ದು ಯಾರಿಗೂ ಕಾಣಲಿಲ್ಲ. ಒಲೆಯ ಕೆಂಡ ಊದಿ ಬೆಳಕು ಮಾಡುವಷ್ಟರಲ್ಲಿ ಕೂಸು ಇರಲಿಲ್ಲ. ಇದನ್ನು ಆಕೆ ನನಗೆ ಹೇಳಿದ್ದು ರಾಗಿ ಬೀಸುತ್ತ, ಕಲ್ಲನ್ನು ನಿಲ್ಲಿಸದೆ. "ನಿನ್ ಕೂಸಿಗೆ ಬೆಳ್ಕು ಇರ್ಬೇಕು ಕಣವ್ವ. ಅದ್ಕೆ ನಾನು ಯಾರ್ ಕಾಲಾದ್ರೂ ಇಡೀತೀನಿ, ಯಾರ್ ಜುಟ್ಟಾದ್ರೂ ಇಡೀತೀನಿ" ಎಂದಳು.

ಅಂಥ ಹೊತ್ತಿಗೆ ಹಾಸನದ ಕಚೇರಿಯಿಂದ ಒಬ್ಬ ಸಾಹೇಬರು ವಿಚಾರಣೆಗೆ ಬಂದರು. ಎಣ್ಣೆ ಜನರಿಗೆ ಸೇರುತ್ತಿದೆಯೇ ಎಂದು ನೋಡುವುದು ಅವರ ಕೆಲಸ. ವಿಚಾರಣೆ ನಡೆದದ್ದು ಪಟೇಲರ ಜಗಲಿಯ ಮೇಲೆ, ಪಟೇಲರ ಕುರ್ಚಿಯಲ್ಲಿ, ಪಟೇಲರ ಎಳನೀರು ಕುಡಿಯುತ್ತ. ಕೇರಿಯವರನ್ನೆಲ್ಲ ಕರೆಸಿ ಅಂಗಳದಲ್ಲಿ ನಿಲ್ಲಿಸಿದರು. ನಾನು ಹೊಟ್ಟೆ ಹೊತ್ತುಕೊಂಡು ಹಿಂದೆ ಬೇಲಿಗೆ ಒರಗಿ ನಿಂತಿದ್ದೆ.

"ಎಣ್ಣೆ ಸಿಗ್ತಿದೆಯಾ?" ಎಂದು ಸಾಹೇಬರು ಕೇಳಿದರು.

ನಮ್ಮ ಕೇರಿಯ ಯಜಮಾನ ಕೈ ಮುಗಿದು, "ಸಿಕ್ತೈತೆ ಸಾ, ಬುದ್ದಿಯೋರು ಕೊಡ್ತಾವ್ರೆ" ಎಂದ. ಅವನ ಹಿಂದಿದ್ದವರೆಲ್ಲ ಸಿಕ್ತೈತೆ, ಸಿಕ್ತೈತೆ ಎಂದರು. ಹಿಂದಿನ ದಿನವಷ್ಟೇ ಒಲೆಯ ಬೆಳಕಲ್ಲಿ ಉಂಡವರು ಅವರು.

ಸಾಹೇಬರಿಗೆ ಖುಷಿಯಾಯಿತು. ಖುಷಿಯಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದರು. "ನೋಡಿ, ಈ ಎಣ್ಣೆ ನಮ್ಮ ದೇಶದ್ದಲ್ಲ. ಹಡಗಲ್ಲಿ ಸಮುದ್ರ ದಾಟಿ ಬರಬೇಕು. ಅದಕ್ಕೆ ಪರದೇಶದ ದುಡ್ಡು ಕೊಡಬೇಕು, ಅದು ದೇಶದ ಹತ್ರ ಇಲ್ಲ. ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು. ಹೊಂಗೆ ಎಣ್ಣೆ ಹಚ್ಚಿ, ಹಿಂದಿನವರು ಹಚ್ತಿರಲಿಲ್ವಾ?"

ಊರಿನ ಹೊಂಗೆ ಮರಗಳೆಲ್ಲ ಪಟೇಲರ ಬದುವಿನ ಮೇಲಿದ್ದವು. ಉದುರಿದ ಕಾಯಿ ಆರಿಸಿದರೂ ಬೈಗುಳ. ಅದನ್ನು ಯಾರೂ ಹೇಳಲಿಲ್ಲ. ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ಮುಂದಕ್ಕೆ ಹೋದಳು.

"ಸಾ, ಸಮುದ್ರ ದಾಟ್ಕಂಡ್ ಬತ್ತೈತೆ ಅಂತೀರಿ. ಅಷ್ಟ್ ದೂರ್ದಿಂದ ಬಂದಿದ್ದು ಈ ಜಗ್ಲಿ ಇಳ್ದು ನಮ್ ಕೇರಿಗೆ ಬರಾಕಾಗಕಿಲ್ವಾ?"

ಸಾಹೇಬರು ಎಳನೀರನ್ನು ಕೆಳಗಿಟ್ಟರು.

"ನಮ್ ಕಾರ್ಡಿನ್ ಎಣ್ಣೇನ ಇವ್ರ್ ಇಂಜಿನ್ ಕುಡೀತೈತೆ ಸಾ. ನನ್ ಸೊಸೆ ಬಸ್ರಿ. ಎರಿಗೆಗೆ ಒಂದ್ ದೀಪ ಬೇಕು. ಅಷ್ಟೇ ನಾನ್ ಕೇಳದು."

ಸಾಹೇಬರು ಪಟೇಲರ ಮುಖ ನೋಡಿದರು. ಪಟೇಲರಿಗೆ ಸಿಟ್ಟು ಬಂದದ್ದು ಕಾಣಿಸಲೇ ಇಲ್ಲ. ಅವರು ನಕ್ಕರು. "ಪಾಪ, ಕೇಳ್ತಾಳೆ, ಕೊಡಾನ ಬುಡಿ. ಒಂದೊಂದ್ ಬಾಟ್ಲಿ ಯಾಕೆ, ಕೇರಿ ಪಾಲು ಅಷ್ಟನ್ನೂ ಕೇರಿಗೇ ಕಳುಸ್ಕೊಡ್ತೀನಿ" ಎಂದರು. ಸಾಹೇಬರು ಹಗುರಾದರು. ಹಾಗಾದರೆ ಸರಿ, ತಲುಪಿದೆಯೋ ಇಲ್ಲವೋ ಎಂದು ತಿಂಗಳ ಕೊನೆಗೆ ಮತ್ತೆ ಬಂದು ನೋಡುತ್ತೇನೆ ಎಂದು ಹೇಳಿ ಜೀಪು ಹತ್ತಿದರು.

ನಮ್ಮ ಜನರ ಪೆದ್ದುತನವನ್ನು ಈಗ ಹೇಳಬೇಕು. ಕೇರಿಗೇ ಕಳಿಸುತ್ತೇನೆ ಎಂಬ ಮಾತಿಗೆ ಎಲ್ಲರೂ ಉಬ್ಬಿಹೋದರು. ಊರಿನ ಗಾಡಿ ಕೇರಿಯೊಳಕ್ಕೆ ಎಂದೂ ಬಂದದ್ದಿಲ್ಲ, ಕೇರಿಯ ಬಾಯಲ್ಲೇ ನಿಂತು ಹೋಗುತ್ತಿತ್ತು. ಈಗ ಪಟೇಲರ ಎತ್ತು, ಪಟೇಲರ ಗಾಡಿ, ಅದರ ಮೇಲೆ ಪೀಪಾಯಿ. ಬೆಳಿಗ್ಗೆಯೇ ಹೆಂಗಸರು ಬಾವಿಯ ನೀರು ಸೇದಿ ಬೀದಿಗೆಲ್ಲ ಸಗಣಿ ನೀರು ಚೆಲ್ಲಿದರು. ಅತ್ತೆ ಬಾವಿಯ ಮುಂದೆ ರಂಗೋಲಿ ಬಿಟ್ಟಳು. ಸೀಮೆಎಣ್ಣೆಯ ಪೀಪಾಯಿಗೆ ರಂಗೋಲಿ ಬಿಟ್ಟವರು ಈ ದೇಶದಲ್ಲಿ ನಾವೇ ಇರಬೇಕು. ಯಜಮಾನನ ಹೆಂಡತಿ, ಕೇರಿಯಲ್ಲಿ ಸೂಲಗಿತ್ತಿ ಆಕೆ, ಅತ್ತೆಯ ಕೆನ್ನೆ ಹಿಂಡಿ, "ನಿನ್ ಬಾಯಿಂದ ನಮ್ಗೂ ಬೆಳ್ಕು ಬಂತು ಕಣಕ್ಕ" ಎಂದಳು. ಎಲ್ಲರೂ ಬಾಟಲಿ, ಬುಡ್ಡಿ, ಗಡಿಗೆ ಹಿಡಿದು ಬಾವಿಯ ಸುತ್ತ ಸಾಲಾಗಿ ಕೂತರು.

ಗಾಡಿ ಬಂತು. ರಂಗೋಲಿ ತುಳಿದುಕೊಂಡು ಬಾವಿಯ ಹತ್ತಿರವೇ ನಿಂತಿತು. ಪಟೇಲರೂ ಬಂದರು, ಆದರೆ ಕೇರಿಯೊಳಗೆ ಕಾಲಿಡದೆ ಆಚೆ ಹುಣಸೆ ಮರದ ಕೆಳಗೆ ನಿಂತರು. ಆಳುಗಳು ಪೀಪಾಯಿಯನ್ನು ಹಲಗೆಯ ಮೇಲೆ ಉರುಳಿಸಿ ಇಳಿಸಿದರು, ಬಾವಿಯ ಕಟ್ಟೆಯ ಮೇಲೆ ಅಡ್ಡ ಮಲಗಿಸಿದರು. ಅಲ್ಲಿಂದ ಹುಯ್ಯಲು ಸಲೀಸಾಗುತ್ತದೆ ಎಂದು ನಾವು ಅಂದುಕೊಂಡೆವು. ಒಬ್ಬ ಬಿರಡೆ ಬಿಚ್ಚಿದ. ಎಣ್ಣೆ ಗಳಗಳನೆ ಬಾವಿಯೊಳಕ್ಕೆ ಬಿತ್ತು.

ಯಾರೋ ಬಾಟಲಿ ಹಿಡಿದು ಧಾರೆಗೆ ಒಡ್ಡಲು ಹೋದರು. ಆಳು ಕಾಲಿಂದ ದಬ್ಬಿದ. ಪೀಪಾಯಿ ಬರಿದಾಗುವವರೆಗೆ ನಾವೆಲ್ಲ ನೋಡುತ್ತಲೇ ಇದ್ದೆವು. ಆಮೇಲೆ ಹುಣಸೆ ಮರದ ಕೆಳಗಿಂದ ಪಟೇಲರ ದನಿ ಬಂತು. ಏರಿಸಿದ ದನಿಯಲ್ಲ, ಮನೆಯವರನ್ನು ವಿಚಾರಿಸಿಕೊಳ್ಳುವಂಥ ದನಿ.

"ತಲುಪ್ತೇನಮ್ಮೀ?"

ಅತ್ತೆಗೆ ಮಾತು ಸಿಗದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾವು ಮುಟ್ಟಬಹುದಾಗಿದ್ದದ್ದು ಆ ಒಂದೇ ಬಾವಿ. ಊರ ಬಾವಿಯ ಹತ್ತಿರ ಹೋಗಿ ದೂರ ನಿಂತರೆ ಯಾರಾದರೂ ಹೆಂಗಸು ನಮ್ಮ ಕೊಡಕ್ಕೆ ಮೇಲಿಂದ ಹುಯ್ಯುವುದಿತ್ತು. ಆ ದಿನದಿಂದ ಹುಯ್ಯಬಾರದೆಂದು ಪಟೇಲರ ಅಪ್ಪಣೆಯಾಯಿತು. ಉಳಿದದ್ದು ದನ ಮೈ ತೊಳೆಯುವ ಕೆರೆ. ಅದರ ನೀರು ಕುಡಿದು ಕೇರಿಯ ಮಕ್ಕಳಿಗೆಲ್ಲ ವಾಂತಿ ಭೇದಿ ಹತ್ತಿತು. ಬಾವಿಯ ನೀರು ಸೇದಿದರೆ ಮೇಲೆ ಬಣ್ಣ ಬಣ್ಣದ ಪೊರೆ, ಬಾಯಿಗೆ ಹಾಕಿದರೆ ಗಂಟಲು ಉರಿ.

ಯಜಮಾನ ಪಟೇಲರ ಹತ್ತಿರ ಹೋಗಿ ಅಡ್ಡಬಿದ್ದ. ಇಂಜಿನ್ ಒಂದಿಷ್ಟು ಹೊತ್ತು ಕೊಟ್ಟರೆ ಬಾವಿಯನ್ನು ಬರಿದು ಮಾಡಿಕೊಳ್ಳುತ್ತೇವೆ ಬುದ್ದಿ ಎಂದು ಬೇಡಿಕೊಂಡ.

"ಇಂಜಿನ್ ತಕ್ಕಂಡ್ ಓಗ್ಲಾ, ನಾನ್ ಬ್ಯಾಡ ಅಂದ್ನಾ" ಎಂದರಂತೆ ಪಟೇಲರು. "ಎಣ್ಣೆ ಮಾತ್ರ ನೀವೇ ಆಕ್ಕಬೇಕು. ನನ್ತಾವ ಎಲ್ಲೈತೆ, ಎಲ್ಲಾನೂ ನಿಮ್ ಬಾವಿಗೇ ಕೊಟ್ಬುಟ್ನಲ್ಲ."

ಜಗಲಿಯ ಮೇಲಿದ್ದವರೆಲ್ಲ ನಕ್ಕರಂತೆ. ಇದನ್ನು ನಮಗೆ ಹೇಳುವಾಗ ಯಜಮಾನನ ಮುಖದಲ್ಲೂ ಒಂದು ನಗೆ ಬಂದು ಹೋಯಿತು. ಪಟೇಲರನ್ನು ಬೈಯುವುದು ಸುಲಭ, ನಾನು ಇವತ್ತಿಗೂ ಹೊಟ್ಟೆ ತುಂಬ ಬೈಯುತ್ತೇನೆ. ಆದರೆ ಯಜಮಾನನ ಆ ನಗೆಯನ್ನು ನೆನೆದರೆ ನನಗೆ ಬೈಗುಳವೂ ಸಿಗುವುದಿಲ್ಲ.

ಅಂದು ಸಂಜೆ ಕೇರಿಯ ನ್ಯಾಯ ಸೇರಿತು. ಯಾರ ಬಾಯಿಂದ ಬಾವಿ ಕೆಟ್ಟಿತೋ ಅವಳೇ ಬಾವಿ ಬರಿದು ಮಾಡಬೇಕು, ಬೇರೆ ಯಾರೂ ಹಗ್ಗ ಮುಟ್ಟಬಾರದು ಎಂದು ತೀರ್ಮಾನ. ಕೆನ್ನೆ ಹಿಂಡಿದ್ದ ಸೂಲಗಿತ್ತಿಯೂ ತಲೆಯಾಡಿಸಿದಳು. ಎಲ್ಲರಿಗೂ ಗೊತ್ತಿತ್ತು, ಅತ್ತೆಯ ಜೊತೆ ನಿಂತರೆ ಪಟೇಲರ ಹೊಲದಲ್ಲಿ ಕೂಲಿ ಇಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಬೇಕೆಂದು ಎಲ್ಲಿಯೂ ಬರೆದಿಲ್ಲ.

ಅತ್ತೆ ಸೇದಿದಳು. ಬೆಳಗಾದರೆ ಹಗ್ಗ ಹಿಡಿಯುವುದು, ಕತ್ತಲಾದರೆ ಬಿಡುವುದು. ಎಣ್ಣೆ ಹತ್ತಿದ ಹಗ್ಗ ಅಂಗೈಯಲ್ಲಿ ಜಾರುತ್ತಿತ್ತು, ಜಾರಿದಂತೆಲ್ಲ ಚರ್ಮ ಕಿತ್ತುಕೊಂಡು ಹೋಗುತ್ತಿತ್ತು. ಆ ಗಾಯಕ್ಕೆ ಮತ್ತೆ ಅದೇ ಎಣ್ಣೆ. ನಾನು ಒಮ್ಮೆ ಹಗ್ಗಕ್ಕೆ ಕೈ ಹಾಕಿದೆ. "ಒಟ್ಟೆ ಇಟ್ಕಂಡು ಸೇದ್ಬುಟ್ಟು ನನ್ ತಲೆಗ್ ತರ್ಬ್ಯಾಡ, ಓಗು ಒಳಿಕ್ಕೆ" ಎಂದು ಗದರಿಸಿದಳು. ನಾನು ಹೊಸಲಿನ ಮೇಲೆ ಕೂತು ಅತ್ತುಬಿಟ್ಟೆ. ಆಕೆ ಅಳಲಿಲ್ಲ, ಅಳುವುದಕ್ಕೆ ಉಸಿರು ಮಿಗಬೇಕಲ್ಲ.

ಮೊದಲು ಸೇದಿದ ನೀರಿನಲ್ಲಿ ಎಣ್ಣೆಯೇ ಹೆಚ್ಚಿತ್ತು. ಅದನ್ನು ಚೆಲ್ಲಲು ಯಜಮಾನ ಬಿಡಲಿಲ್ಲ. ದೊಡ್ಡ ಗುಡಾಣಗಳನ್ನು ತರಿಸಿ ಅದರಲ್ಲಿ ಹುಯ್ಯಿಸಿದ. ನೀರು ಕೆಳಗಿಳಿದು ಎಣ್ಣೆ ಮೇಲೆ ನಿಂತಿತು. ಅದನ್ನು ಚಿಪ್ಪಿನಿಂದ ಮೆಲ್ಲಗೆ ತೋಡಿ ಮನೆಮನೆಗೆ ಹಂಚಿದ. ಬಹಳ ಚೆನ್ನಾಗಿ ಹಂಚಿದ, ಒಂದು ಮನೆಗೆ ಹೆಚ್ಚಿಲ್ಲ, ಒಂದು ಮನೆಗೆ ಕಮ್ಮಿಯಿಲ್ಲ. ಎಲ್ಲರ ಬುಡ್ಡಿಗೂ ಆಲಿಕೆ ಇಟ್ಟೇ ಹುಯ್ದ. ನಮ್ಮ ಮನೆಯ ಬುಡ್ಡಿಯನ್ನು ಹಿಡಿದು ನಾನು ಹೋದಾಗ ಚಿಪ್ಪನ್ನು ಪಕ್ಕಕ್ಕಿಟ್ಟ.

"ನಿಮ್ಗಿಲ್ಲ ಕಣಮ್ಮೀ. ನಿಮ್ ದೀಪದ್ ಆಸೆಯಿಂದ್ಲೇ ಅಲ್ವಾ ಇಷ್ಟೆಲ್ಲ ಆಗಿದ್ದು."

ಆ ವಾರ ಕೇರಿಯ ಎಲ್ಲ ಮನೆಗಳಲ್ಲೂ ಬುಡ್ಡಿ ಉರಿಯಿತು. ನಾನು ಆ ಊರಿಗೆ ಬಂದ ಮೇಲೆ ಹಾಗೆ ಉರಿದದ್ದು ಅದೇ ಮೊದಲು. ಸರ್ಕಾರದ ಕಟ್ಟಳೆ ನಮ್ಮ ಕೇರಿಯಲ್ಲಿ ಪೂರ್ತಿಯಾಗಿ ನಡೆದದ್ದು ಆ ಒಂದು ಸಲವೇ. ಎಣ್ಣೆಯಲ್ಲಿ ನೀರು ಉಳಿದಿತ್ತು, ಬತ್ತಿ ಚಟಚಟ ಎನ್ನುತ್ತಿತ್ತು. ನಮ್ಮ ಕತ್ತಲ ಮನೆಯಲ್ಲಿ ಕೂತರೆ ಅಕ್ಕಪಕ್ಕದ ಮನೆಗಳ ಬತ್ತಿಯ ಸದ್ದು ಕೇಳುತ್ತಿತ್ತು.

ಬಾವಿಯ ತಳ ಕಾಣುವ ದಿನವೇ ನನಗೆ ನೋವು ಶುರುವಾಯಿತು. ಹೊತ್ತು ಮುಳುಗುವ ಸಮಯ. ಅತ್ತೆ ಹಗ್ಗ ಬಿಟ್ಟು ಒಳಗೆ ಓಡಿ ಬಂದಳು. ಆಕೆಯ ಕೈ ಮಡಚಲು ಬರುತ್ತಿರಲಿಲ್ಲ, ಬೆರಳುಗಳೆಲ್ಲ ಊದಿಕೊಂಡಿದ್ದವು. ಈ ಕೈಯಲ್ಲಿ ಆಗುವುದಿಲ್ಲ ಎಂದು ತಾನೇ ಹೋಗಿ ಸೂಲಗಿತ್ತಿಯ ಕಾಲು ಹಿಡಿದಳು. ಯಾರ ಕಾಲಾದರೂ ಹಿಡಿಯುತ್ತೇನೆ ಎಂದಿದ್ದಳಲ್ಲ, ಹಿಡಿದಳು. ಸೂಲಗಿತ್ತಿ ಬಂದಳು, ತನ್ನ ಮನೆಯ ಬುಡ್ಡಿಯನ್ನೂ ತಂದಳು. ಅಷ್ಟರ ಮಟ್ಟಿಗೆ ಒಳ್ಳೆಯವಳೇ.

ಬುಡ್ಡಿ ಚಟಚಟ ಎನ್ನುತ್ತ ಉರಿಯುತ್ತಿತ್ತು. ಕೂಸಿನ ತಲೆ ಕಂಡಿತು ಎಂದು ಸೂಲಗಿತ್ತಿ ಹೇಳಿದ್ದು ನನಗೆ ನೆನಪಿದೆ. ಅದರ ಹಿಂದೆಯೇ ಬತ್ತಿಗೆ ನೀರು ಸಿಕ್ಕಿತು. ಒಂದು ಸಲ ಸಿಡಿದು ದೀಪ ಆರಿಹೋಯಿತು.

ಸೂಲಗಿತ್ತಿ, "ಅಯ್ಯೋ ಬೆಂಕಿಪೊಟ್ಣ ಎಲ್ಲಕ್ಕ" ಎಂದು ತಡಕಾಡತೊಡಗಿದಳು. ಅತ್ತೆ ಆಗಲೇ ನನ್ನ ಕಾಲ ಬಳಿ ಬಂದಿದ್ದಳು. ಆ ಕೈ ನನ್ನ ತೊಡೆಗೆ ತಾಗಿದಾಗ ಯಾವುದೋ ಮರದ ತೊಗಟೆ ಉಜ್ಜಿದಂತಾಯಿತು. ಚರ್ಮವಿಲ್ಲದ ಬೆರಳುಗಳಿಂದ ಆಕೆ ಕೂಸಿನ ಕುತ್ತಿಗೆಯನ್ನು ತಡವುತ್ತಿದ್ದಳು. "ಕಾಣಾಕಿಲ್ಲ, ತಿಳಿಯಾಕೂ ಇಲ್ಲ, ನನ್ ಕೈ ಸತ್ತೋಗೈತೆ" ಎಂದು ಗೊಣಗುತ್ತಿದ್ದಳು. ಆಮೇಲೆ ಬಗ್ಗಿ ತನ್ನ ಕೆನ್ನೆಯನ್ನು ಕೂಸಿನ ಕುತ್ತಿಗೆಗೆ ಒತ್ತಿದಳು. ಕೆನ್ನೆಗೆ ಬಳ್ಳಿ ಸಿಕ್ಕಿತು. ಹಲ್ಲಿನಿಂದ ಎತ್ತಿ ಬಿಡಿಸಿದಳು. ಕೂಸು ಅತ್ತಿತು.

ಹೆಣ್ಣು ಕೂಸು. ಅದು ಹೆಣ್ಣೆಂದು ನಮಗೆ ತಿಳಿದದ್ದು ಕಡ್ಡಿ ಗೀರಿದ ಮೇಲೆ. ಸೂಲಗಿತ್ತಿ ಬಳ್ಳಿ ಕೊಯ್ದು, ಕೈ ತೊಳೆದು, ತನ್ನ ಬುಡ್ಡಿಯನ್ನು ಎತ್ತಿಕೊಂಡು ಹೊರಟಳು. ಬಿಟ್ಟು ಹೋಗಕ್ಕ ಎಂದು ನಾನು ಕೇಳಿದೆ. ಯಜಮಾನರು ಬೈಯುತ್ತಾರೆ ಎಂದಳು. ಕೂಸಿಗೆ ಮೊದಲ ನೀರು ಹಾಕಿದ್ದು ಬಾವಿಯ ತಳದಲ್ಲಿ ಹೊಸದಾಗಿ ಊರಿದ ನೀರಿನಿಂದ. ಬೇರೆ ನೀರು ಇರಲಿಲ್ಲ. ಬಾವಿಯ ಕಲ್ಲುಗಳೆಲ್ಲ ಎಣ್ಣೆ ಕುಡಿದಿದ್ದವು, ಊರಿದ ನೀರಿಗೂ ಅದೇ ವಾಸನೆ. ಅದರಲ್ಲೇ ಮೀಯಿಸಿ ಮೀಯಿಸಿ ಕೂಸಿನ ಎಳೆಯ ಮೈಯೆಲ್ಲ ಕೆಂಪಗೆ ಗುಳ್ಳೆಯೆದ್ದಿತು. ಎಲ್ಲ ಕೂಸುಗಳ ನೆತ್ತಿಯಲ್ಲೂ ಒಂದು ಹಾಲಿನ ವಾಸನೆ ಇರುತ್ತದಂತೆ. ನನ್ನ ಮಗಳ ನೆತ್ತಿ ಸೀಮೆಎಣ್ಣೆ ನಾರುತ್ತಿತ್ತು.

ತಿಂಗಳ ಕೊನೆಗೆ ಸಾಹೇಬರು ಹೇಳಿದಂತೆಯೇ ಬಂದರು. ಮಾತು ಉಳಿಸಿಕೊಳ್ಳುವ ಮನುಷ್ಯ. ಈ ಸಲ ಕೇರಿಯನ್ನೇ ನೋಡುತ್ತೇನೆ ಎಂದು ಪಟೇಲರ ಜೊತೆ ನಡೆದುಕೊಂಡು ಬಂದು ಹುಣಸೆ ಮರದ ಕೆಳಗೆ ನಿಂತರು. ನಾನು ಬಾಣಂತಿ, ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕೇರಿಯವರು ಕೈ ಕಟ್ಟಿಕೊಂಡು ನಿಂತಿದ್ದರು.

"ಎಣ್ಣೆ ತಲುಪಿತಾ?" ಎಂದು ಸಾಹೇಬರು ಕೇಳಿದರು.

ಈ ಸಲ ಯಜಮಾನನೂ ಸೇರಿ ಎಲ್ಲರೂ ನಮ್ಮ ಮನೆಯ ಕಡೆ ನೋಡಿದರು. ಅತ್ತೆ ಒಳಗೆ ಬಂದಳು. ನನ್ನ ಮಡಿಲಿಂದ ಕೂಸನ್ನು ಎತ್ತಿಕೊಂಡಳು, ಬೆರಳು ಮಡಚಲು ಬಾರದ್ದರಿಂದ ಎರಡು ಮುಂಗೈಗಳ ಮೇಲೆ ಮಲಗಿಸಿಕೊಂಡಳು. ಸೂತಕ ಕಳೆಯದ ಕೂಸು, ಹೊರಗೆ ಒಯ್ಯಬಾರದು. ಒಯ್ದಳು. ಕೇರಿಯ ಬಾಯಿ ದಾಟಿ ಸಾಹೇಬರ ಮುಂದೆ ಹೋಗಿ ನಿಂತು ಕೂಸನ್ನು ಅವರ ಮುಖದ ಹತ್ತಿರಕ್ಕೆ ಚಾಚಿದಳು.

"ತಲುಪ್ತು ಸಾ. ಮೂಸ್ ನೋಡಿ."

ಸಾಹೇಬರು ಹಿಂದಕ್ಕೆ ಸರಿದರು. ಎಣ್ಣೆಯ ವಾಸನೆಗೆ ಸರಿದರೋ, ನಮ್ಮ ಕೂಸು ತಾಗೀತೆಂದು ಸರಿದರೋ ನನಗೆ ಗೊತ್ತಿಲ್ಲ. ಮೂಗಿಗೆ ಕರವಸ್ತ್ರ ಹಿಡಿದರು. ಪಟೇಲರು ಹುಣಸೆಯ ಎಲೆಯೊಂದನ್ನು ಚಿವುಟುತ್ತ ಬೇರೆ ಕಡೆ ನೋಡುತ್ತಿದ್ದರು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಕೈಯಲ್ಲಿದ್ದ ಕಾಗದದಲ್ಲಿ ತಲುಪಿದೆ ಎಂದು ಬರೆದುಕೊಂಡು ಜೀಪಿನ ಕಡೆಗೆ ನಡೆದರು.